ನಿಮಗಿದು ಗೊತ್ತೆ? ಆಸ್ಪತ್ರೆಯೇ ಇಲ್ಲಿ ಊರು!

ಒಂದು ಆಸ್ಪತ್ರೆ, ಒಂದು ಕ್ರೈಸ್ತ ಸನ್ಯಾಸಿನಿಯರ ಮಠ, ಒಂದು ಸ್ಮಶಾನ. ಇಷ್ಟೇ ಸೇರಿ ಒಂದು ಊರು! ಅದಕ್ಕೆ ಸ್ವಂತ ಸ್ಥಳೀಯಾಡಳಿತವೂ ಉಂಟು. ಕೆನಡಾದ ಫ್ರೆಂಚ್ ಭಾಷಿಕ ಪ್ರಾಂತ್ಯ ಕ್ವಿಬೆಕ್‌ನ ನೋತ್ರ್-ದಾಮ್-ದೆಜಾಂಜ್ ಕಥೆಯಿದು. ವಿಸ್ತೀರ್ಣ ಕೇವಲ 0.06 ಚದರ ಕಿ.ಮೀ., ಅಂದರೆ ಸುಮಾರು 15 ಎಕರೆ. ಸುತ್ತಲೂ ಕ್ವಿಬೆಕ್ ನಗರ.

1855ರಲ್ಲೇ ಇದು ಪ್ರತ್ಯೇಕ ಪ್ಯಾರಿಷ್ (ಚರ್ಚ್ ವಲಯದ) ಪುರಸಭೆಯಾಯಿತು. 2002ರಲ್ಲಿ ಅಕ್ಕಪಕ್ಕದ ಪಟ್ಟಣಗಳೆಲ್ಲ ಮಹಾನಗರದಲ್ಲಿ ವಿಲೀನವಾದರೂ ಇದು ಮಾತ್ರ ಉಳಿದುಕೊಂಡಿತು. ಜನಸಂಖ್ಯೆ ಕೆಲವು ನೂರು ಮಾತ್ರ. ಹೆಚ್ಚಿನವರು ದೀರ್ಘಕಾಲದ ಆರೈಕೆಯಲ್ಲಿರುವ ವೃದ್ಧರು. ಬೇರೆ ಊರುಗಳಂತೆ ಇಲ್ಲಿ ಮೇಯರ್ ಹುದ್ದೆಗೆ ಚುನಾವಣೆಯ ಅಬ್ಬರವಿಲ್ಲ. ಆಸ್ಪತ್ರೆ ನಡೆಸಿ ಬೆಳೆಸಿದ ಆಗಸ್ಟೀನಿಯನ್ ಸನ್ಯಾಸಿನಿಯರೇ ಊರಿನ ಆಡಳಿತವನ್ನೂ ನೋಡಿಕೊಂಡು ಬಂದವರು.