ಮನೆ ಖರೀದಿ: ದಸ್ತಾವೇಜಿನ ತಪಾಸಣೆ ಮತ್ತು ಖರ್ಚುವೆಚ್ಚ

ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗನು ತನ್ನ ಆಯುಷ್ಯದಲ್ಲಿ ಮಾಡುವ ಅತಿ ದೊಡ್ಡ ವ್ಯವಹಾರವೆಂದರೆ ಮನೆಯ ಖರೀದಿ. ಪ್ರಾವಿಡೆಂಟ್ ಫಂಡು, ಊರಿನ ಗದ್ದೆ ಮಾರಿ ಬಂದ ಹಣ, ಮಡದಿಯ ಒಡವೆ, ಬ್ಯಾಂಕಿನ ಸಾಲ ಎಲ್ಲವೂ ಕೂಡಿ ಒಂದು ಪುಟ್ಟ ಫ್ಲ್ಯಾಟಾಗುತ್ತದೆ. ರೈಲ್ವೆ ಸ್ಟೇಶನ್ನಿನ ದೂರವನ್ನೂ ನೀರು ಬರುವ ಹೊತ್ತನ್ನೂ ಹತ್ತು ಸಲ ವಿಚಾರಿಸುವ ನಮ್ಮವರು, ಮಾರುವವನಿಗೆ ಮಾರುವ ಹಕ್ಕಿದೆಯೇ ಎಂಬ ಪ್ರಶ್ನೆಯನ್ನು ಮಾತ್ರ ದಲ್ಲಾಳಿಗೆ ಒಪ್ಪಿಸಿಬಿಡುತ್ತಾರೆ. "ರಿಜಿಸ್ಟ್ರೇಶನ್ ಆಗುತ್ತದೆ, ಬ್ಯಾಂಕು ಸಾಲ ಕೊಡುತ್ತದೆ, ಇನ್ನೇನು ಬೇಕು?" ಎಂಬ ಮಾತನ್ನು ಬ್ಯಾಂಕಿನ ನೌಕರಿಯಲ್ಲಿ ಬಹಳ ಸಲ ಕೇಳಿದ್ದೇನೆ.

ಇವೆರಡೂ ಇದ್ದು ಏನಾಗಬಹುದೆಂಬುದನ್ನು ಡೊಂಬಿವಲಿಯ 65 ಕಟ್ಟಡಗಳ ಪ್ರಕರಣ ತೋರಿಸಿಕೊಟ್ಟಿತು. ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯ ಹೆಸರಿನಲ್ಲಿ ನಕಲಿ ಪರವಾನಗಿ ಪತ್ರಗಳನ್ನು ಸೃಷ್ಟಿಸಿ, ಅವುಗಳ ಬಲದಿಂದ ಮಹಾರೇರಾದ ನೋಂದಣಿ ಸಂಖ್ಯೆಯನ್ನೂ ಪಡೆಯಲಾಗಿತ್ತು. ಕೊಂಡವರು ಸ್ಟ್ಯಾಂಪ್ ಡ್ಯೂಟಿ ಕಟ್ಟಿದ್ದರು. ಅನೇಕರು ಬ್ಯಾಂಕಿನ ಸಾಲ ಪಡೆದಿದ್ದರು. ಆದರೂ 2024ರ ನವೆಂಬರಿನಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯವು ಆ ಕಟ್ಟಡಗಳನ್ನು ಕೆಡವಲು ಆದೇಶಿಸಿತು. ಈ ಸಂಚಿಕೆಯ ವೈದ್ಯಮಹಾಶಯರು ರಕ್ತದೊತ್ತಡದ ಕಾರಣಗಳಲ್ಲಿ ಇಂಥ ನೋಟೀಸನ್ನೂ ಸೇರಿಸಿಕೊಂಡರೆ ತಪ್ಪಾಗದು.

ಸಬ್ ರಿಜಿಸ್ಟ್ರಾರರು ದಾಖಲೆಯನ್ನು ನೋಂದಾಯಿಸುತ್ತಾರೆಯೇ ಹೊರತು ಮಾಲಿಕತ್ವಕ್ಕೆ ಜಾಮೀನು ನಿಲ್ಲುವುದಿಲ್ಲ. ಬ್ಯಾಂಕಿನ ವಕೀಲನೂ ಬ್ಯಾಂಕಿನ ಹಿತವನ್ನು ನೋಡುವವನು. ಆದ್ದರಿಂದ ನಿಮ್ಮದೇ ವಕೀಲನನ್ನು ಗೊತ್ತುಮಾಡಿಕೊಳ್ಳಿರಿ. ಕಟ್ಟಡದ ಪರವಾನಗಿಯನ್ನೂ ಆಕ್ಯುಪೇಶನ್ ಸರ್ಟಿಫಿಕೇಟನ್ನೂ ಬಿಲ್ಡರನು ಕೊಟ್ಟ ಜೆರಾಕ್ಸ್ ಪ್ರತಿಯಲ್ಲಿ ನೋಡಿ ತೃಪ್ತರಾಗದೆ, ಪಾಲಿಕೆಯ ದಾಖಲೆಯೊಡನೆ ತಾಳೆ ನೋಡಬೇಕು.

ಊರಿನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. ತೆಗೆಸುವ ಪದ್ಧತಿ ನಮಗೆ ಪರಿಚಿತ. ಇಲ್ಲಿ ಅದರ ಸ್ಥಾನದಲ್ಲಿ ವಕೀಲರ ಸರ್ಚ್ ರಿಪೋರ್ಟು ಇದೆ. ನಮ್ಮ ಪಹಣಿಗೆ ಸಮನಾದುದು ಇಲ್ಲಿಯ ಸಾತ್-ಬಾರಾ. ನಗರ ಭಾಗದಲ್ಲಿ ಪ್ರಾಪರ್ಟಿ ಕಾರ್ಡು. ಸಾಮಾನ್ಯವಾಗಿ 30 ವರ್ಷಗಳ ಇಂಡೆಕ್ಸ್-2 ಪುಸ್ತಕಗಳನ್ನು ಶೋಧಿಸುತ್ತಾರೆ. ಒತ್ತೆಯಿಟ್ಟ ಆಸ್ತಿಯನ್ನು ಬಿಡಿಸಿಕೊಳ್ಳುವ ದಾವೆಗೆ 1963ರ ಕಾಲಮಿತಿ ಕಾಯಿದೆಯು ಅಷ್ಟೇ ಅವಧಿ ಕೊಟ್ಟಿರುವುದು ಇದಕ್ಕೊಂದು ಕಾರಣ. ಹಳೆಯ ಪುಸ್ತಕಗಳ ಪುಟಗಳು ಹರಿದಿದ್ದರೆ ರಿಪೋರ್ಟಿನ ಕೊನೆಯಲ್ಲಿ ಹಾಗೆಂದು ಸಣ್ಣದಾಗಿ ಬರೆದಿರುತ್ತಾರೆ. ಆ ಸಾಲನ್ನು ಓದಿರಿ. ಅಂಥ ಸಂದರ್ಭದಲ್ಲಿ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು, ಹಕ್ಕುದಾರರಿದ್ದರೆ ತಕರಾರು ಸಲ್ಲಿಸುವಂತೆ ಕರೆಯುವುದು ಕ್ಷೇಮಕರ.

ಪುಸ್ತಕದಲ್ಲಿ ಕಾಣಿಸದಿರುವ ಸಂಗತಿಗಳೇ ಹೆಚ್ಚು ಅಪಾಯಕಾರಿ. ಮೂಲ ದಸ್ತಾವೇಜನ್ನು ಬ್ಯಾಂಕಿನಲ್ಲಿರಿಸಿ ಪಡೆಯುವ ಸಾಲಕ್ಕೆ ನೋಂದಣಿ ಕಡ್ಡಾಯವಿರಲಿಲ್ಲ. ಅದರ ಸೂಚನೆಯನ್ನು ನೋಂದಣಿ ಕಚೇರಿಗೆ ಸಲ್ಲಿಸಬೇಕೆಂಬ ನಿಯಮ ಮಹಾರಾಷ್ಟ್ರದಲ್ಲಿ ಬಂದುದು 2013ರಲ್ಲಿ. ಆದಕಾರಣ 2011ರಲ್ಲಿ ಆರಂಭವಾದ ಸರ್ಸಾಯಿ ಎಂಬ ಕೇಂದ್ರ ದಾಖಲಾತಿಯಲ್ಲಿಯೂ ಹುಡುಕಿಸಬೇಕು. ಸೊಸೈಟಿಯಿಂದ ಬಾಕಿ ಮತ್ತು ಒತ್ತೆಯ ವಿವರವನ್ನು ಲಿಖಿತವಾಗಿ ಪಡೆಯಬೇಕು. ಮಾರುವವನು ಮೂಲಪತ್ರ ಕಳೆದುಹೋಗಿದೆಯೆಂದು ಹೇಳಿದರೆ, ಅದು ನಿಜವಾಗಿ ಕಳೆದಿದೆಯೋ ಯಾವುದಾದರೂ ಬ್ಯಾಂಕಿನ ತಿಜೋರಿಯಲ್ಲಿದೆಯೋ ಎಂದು ನಾನಂತೂ ಮೊದಲು ಸಂಶಯಪಡುತ್ತೇನೆ.

ಇನ್ನು ಹಳೆಯ ಫ್ಲ್ಯಾಟುಗಳ ವಿಷಯ. ಬಿಲ್ಡರನಿಂದ ಮೊದಲು ಕೊಂಡವನಿಂದ ಹಿಡಿದು ಇಂದಿನವನ ವರೆಗೆ ಪ್ರತಿಯೊಂದು ಕರಾರುಪತ್ರವೂ ಕೈಗೆ ಬರಬೇಕು. 1985ರ ಡಿಸೆಂಬರ್ 10ರ ಅನಂತರದ ಕರಾರುಗಳಿಗೆ ಪೂರ್ಣ ಸ್ಟ್ಯಾಂಪ್ ಡ್ಯೂಟಿ ಅನ್ವಯವಾಗುತ್ತದೆ. ಕಡಿಮೆ ಕಟ್ಟಿದ್ದರೆ ದಂಡವು ತಿಂಗಳಿಗೆ ನೂರಕ್ಕೆ 2ರಂತೆ ಬೆಳೆಯುತ್ತದೆ. ತಂದೆ ತೀರಿಕೊಂಡ ಮೇಲೆ ಒಬ್ಬ ಮಗ ಮಾರಲು ಬಂದರೆ ಇನ್ನೂ ಎಚ್ಚರ ಬೇಕು. ಸೊಸೈಟಿಯ ಪುಸ್ತಕದಲ್ಲಿ ನಾಮಿನಿಯೆಂದು ಹೆಸರಿದ್ದ ಮಾತ್ರಕ್ಕೆ ಅವನು ಮಾಲಿಕನಾಗುವುದಿಲ್ಲ. ಅಕ್ಕತಂಗಿಯರು, ತಾಯಿ, ಅಮೆರಿಕದಲ್ಲಿರುವ ಅಣ್ಣ ಎಲ್ಲರೂ ಹಕ್ಕು ಬಿಟ್ಟುಕೊಟ್ಟ ನೋಂದಾಯಿತ ಪತ್ರ ಬೇಕು, ಇಲ್ಲವೆ ಎಲ್ಲರ ಸಹಿ ಬೇಕು.

ಖರ್ಚಿನ ಲೆಕ್ಕವನ್ನು ಟೋಕನ್ ಹಣ ಕೊಡುವ ಮೊದಲೇ ಹಾಕಿಕೊಳ್ಳಬೇಕು. ಬೃಹನ್ಮುಂಬಯಿಯಲ್ಲಿ ಸ್ಟ್ಯಾಂಪ್ ಡ್ಯೂಟಿ ನೂರಕ್ಕೆ 6. ಮಹಿಳೆಯ ಹೆಸರಿನಲ್ಲಿ ಮಾತ್ರ ಕೊಂಡರೆ 5. ಕರಾರಿನ ಬೆಲೆ, ಸರಕಾರದ ರೆಡಿ ರೆಕನರ್ ಬೆಲೆ ಇವುಗಳಲ್ಲಿ ಹೆಚ್ಚಿನದರ ಮೇಲೆ ಇದನ್ನು ಕಟ್ಟಬೇಕು. ಬೆಲೆ 30 ಲಕ್ಷಕ್ಕಿಂತ ಹೆಚ್ಚಾದರೆ ನೋಂದಣಿ ಶುಲ್ಕ 30,000 ರೂಪಾಯಿ. ಅಂದರೆ ಒಂದು ಕೋಟಿಯ ಫ್ಲ್ಯಾಟಿಗೆ ಇವೆರಡೇ 6,30,000 ರೂಪಾಯಿ. ವಕೀಲ, ದಲ್ಲಾಳಿ, ಸಾಲದ ದಾಖಲೆಗಳ ಖರ್ಚು ಬೇರೆ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೂರಕ್ಕೆ 1ರಷ್ಟು ಆದಾಯ ತೆರಿಗೆಯನ್ನು ಮಾರುವವನ ಹಣದಿಂದಲೇ ಹಿಡಿದು ಸರಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವನದು. ಮಾರುವವನು ಅನಿವಾಸಿಯಾಗಿದ್ದರೆ ಆ ದರ ಬಹಳ ಹೆಚ್ಚು. ಸೊಸೈಟಿಯು 'ಡೊನೇಶನ್' ಎಂದು ಲಕ್ಷಗಟ್ಟಲೆ ಕೇಳಿದರೆ ಕೊಡಬೇಕಾಗಿಲ್ಲ. ಮಹಾನಗರಪಾಲಿಕೆಯ ಕ್ಷೇತ್ರದಲ್ಲಿ ವರ್ಗಾವಣೆಯ ಪ್ರೀಮಿಯಮ್ಮಿಗೆ 2001ರ ಸರಕಾರಿ ಸುತ್ತೋಲೆ ಹಾಕಿದ ಮಿತಿ 25,000 ರೂಪಾಯಿ.

ಮಾರುವವನ ಮೇಲೆ ಸಾಲವಿದ್ದರೆ ಬಾಕಿಯ ಮೊತ್ತವನ್ನು ಅವನ ಕೈಗೆ ಕೊಡದೆ ಆ ಬ್ಯಾಂಕಿನ ಹೆಸರಿಗೇ ಪೇ ಆರ್ಡರ್ ಮಾಡಿಸಿರಿ. ಸಾಲ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲಪತ್ರಗಳನ್ನು ಹಿಂದಿರುಗಿಸಬೇಕು. ತನ್ನ ತಪ್ಪಿನಿಂದ ತಡಮಾಡಿದರೆ ಸಾಲಗಾರನಿಗೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ವಿಧಿಸಿದೆ. ಕೊನೆಯ ಕಂತನ್ನು ಮೂಲಪತ್ರಗಳನ್ನೂ ಕೀಲಿಕೈಯನ್ನೂ ಎಣಿಸಿಕೊಂಡ ಮೇಲೆಯೇ ಕೊಡಿರಿ. ಕರಾರಿಗೆ ಸಹಿಯಾದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಆಮೇಲೆ ಇಂಡೆಕ್ಸ್-2ರ ಪ್ರತಿಯೊಡನೆ ಸೊಸೈಟಿಗೆ ಅರ್ಜಿ ಕೊಟ್ಟು, ಷೇರು ಸರ್ಟಿಫಿಕೇಟಿನ ಹಿಂಬದಿಯಲ್ಲಿ ನಿಮ್ಮ ಹೆಸರು ಏರಿ ಪದಾಧಿಕಾರಿಗಳ ಸಹಿ ಬಿದ್ದಿದೆಯೇ ಎಂದು ನೋಡಿಕೊಳ್ಳಿರಿ.