ಶುಶ್ರೂಷೆಯ ಹೊಣೆ ಯಾರದು?

ಕಡೂರು, ತರೀಕೆರೆ, ಅಜ್ಜಂಪುರಗಳ ಸರ್ಕಾರಿ ಆಸ್ಪತ್ರೆಗಳ ಮಾತು ಬಂದೊಡನೆ ಮಹಾಜನರು ಮೊದಲು ಕೇಳುವುದು ವೈದ್ಯರ ವಿಚಾರ. ಅದು ಸಹಜವೇ. ಆದರೆ ವೈದ್ಯರು ರೋಗಿಯ ಬಳಿ ನಿಲ್ಲುವುದು ಕೆಲವೇ ನಿಮಿಷ. ಉಳಿದ ಹಗಲಿರುಳೆಲ್ಲ ಆತನು ದಾದಿಯರ ಮತ್ತು ಬಂಧುಗಳ ಕೈಯಲ್ಲಿರುವನು. ಈ ಶುಶ್ರೂಷೆಯನ್ನು ಹೇಗೆ ಹಂಚಲಾಗಿದೆಯೆಂದು ವಿಚಾರಿಸುವವರು ವಿರಳ.

ಹಂಚುವ ಕ್ರಮಗಳು ಮುಖ್ಯವಾಗಿ ಎರಡು. ಮೊದಲನೆಯದು ಕೆಲಸವಾರು: ಒಬ್ಬರು ಇಡೀ ವಾರ್ಡಿಗೆ ಸೂಜಿಮದ್ದು ಕೊಡುವರು, ಮತ್ತೊಬ್ಬರು ಗಾಯಗಳಿಗೆ ಪಟ್ಟಿ ಕಟ್ಟುವರು. ಜನ ಕಡಿಮೆಯಿದ್ದಲ್ಲಿ ಇದರಿಂದ ಕೆಲಸ ಬೇಗ ಸಾಗುವುದು ನಿಜ. ಆದರೆ ಯಾವನೊಬ್ಬ ರೋಗಿಯ ಸ್ಥಿತಿಯನ್ನೂ ಆದ್ಯಂತವಾಗಿ ಬಲ್ಲವರು ಇಲ್ಲದಂತಾಗಿ, ಬಂಧುಗಳ ಪ್ರಶ್ನೆಗೆ ಉತ್ತರ ದೊರೆಯದು. ಎರಡನೆಯದು ರೋಗಿವಾರು: ಇಂತಿಷ್ಟು ಹಾಸಿಗೆಗಳ ಸಕಲ ಹೊಣೆಯೂ ಒಬ್ಬ ದಾದಿಯದು. 1969ರಲ್ಲಿ ಅಮೆರಿಕೆಯ ಮಿನೆಸೋಟಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, ದಾಖಲಾದಂದಿನಿಂದ ಬಿಡುಗಡೆಯವರೆಗೆ ಒಬ್ಬ ದಾದಿಯೇ ರೋಗಿಗೆ ಹೊಣೆಯೆಂಬ ಪದ್ಧತಿ ಆಚರಣೆಗೆ ಬಂದಿತು. ಇದರಿಂದ ರೋಗಿಗೆ ಧೈರ್ಯ. ದಾದಿಗೆ ತನ್ನ ದುಡಿಮೆಯ ಫಲವನ್ನು ಕಾಣುವ ತೃಪ್ತಿ. ಆದರೆ ಹಾಸಿಗೆಗಳು ಮಿತಿಮೀರಿದರೆ ಹೊಣೆಯೇ ಹೊರೆಯಾಗುವುದು. ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ 5 ರೋಗಿಗಳಿಗೆ ಒಬ್ಬ ದಾದಿಯೆಂಬ ಭಾರತೀಯ ಶುಶ್ರೂಷಾ ಪರಿಷತ್ತಿನ ಪ್ರಮಾಣದ ಮಹತ್ತ್ವ ಇಲ್ಲಿಯೇ ತಿಳಿಯುವುದು.

ನಮ್ಮಲ್ಲಿ ಯಾವ ಸುತ್ತೋಲೆಯಲ್ಲಿಯೂ ಬರೆಯದ ಮೂರನೆಯ ಕ್ರಮವೊಂದುಂಟು. ಅದು ಮನೆಯವರ ಶುಶ್ರೂಷೆ. ಅಡಕೆಯ ತೋಟದಲ್ಲಿ ದುಡಿಯುವ ಹೆಂಗಸು ಗಂಡನ ಹಾಸಿಗೆಯ ಪಕ್ಕದಲ್ಲಿ ಕುಳಿತಷ್ಟು ದಿನವೂ ಆಕೆಯ ಕೂಲಿ ನಷ್ಟ. ರೋಗಿಯನ್ನು ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಕಳುಹಿಸಿದರೆ ಬಸ್ಸಿನ ಮತ್ತು ಊಟದ ವೆಚ್ಚ ಬೇರೆ. ರೋಗಿಯನ್ನು ಮಗ್ಗುಲು ಹೊರಳಿಸುವ ಬಗೆಯನ್ನೂ, ಯಾವ ಲಕ್ಷಣ ಕಂಡರೆ ಒಡನೆ ಆಸ್ಪತ್ರೆಗೆ ಬರಬೇಕೆಂಬುದನ್ನೂ ಆಕೆಗೆ ಕಲಿಸದಿದ್ದರೆ ಈ ತ್ಯಾಗವೆಲ್ಲ ಅರ್ಧ ವ್ಯರ್ಥ. 2014ರಲ್ಲಿ ಸ್ಥಾಪಿತವಾದ ನೂರಾ ಹೆಲ್ತ್ ಸಂಸ್ಥೆಯು, ಬೆಂಗಳೂರಿನ ನಾರಾಯಣ ಆಸ್ಪತ್ರೆಯ ಅನುಭವದಿಂದ ಮೊದಲ್ಗೊಂಡು, ದಾದಿಯರಿಂದಲೇ ಬಂಧುಗಳಿಗೆ ಪಾಠ ಹೇಳಿಸುವ ಕ್ರಮವನ್ನು ಸರ್ಕಾರಿ ಆಸ್ಪತ್ರೆಗಳಿಗೂ ಹರಡಿದೆ. ಅನುಕರಣೀಯವಾದ ಕ್ರಮವಿದು.

ಆದರೆ ಮನೆಯವರು ಕಲಿತರೆಂಬ ನೆಪದಿಂದ ದಾದಿಯರ ಹುದ್ದೆಗಳನ್ನು ಖಾಲಿ ಬಿಡಕೂಡದು. ಕಲಿಸುವುದಕ್ಕೂ ದಾದಿಗೆ ಹೊತ್ತು ಬೇಕಷ್ಟೆ. ಆರೋಗ್ಯ ರಕ್ಷಾ ಸಮಿತಿಗಳಲ್ಲಿ ಕುಳಿತುಕೊಳ್ಳುವ ಮಹನೀಯರು ಮುಂದಿನ ಸಭೆಯಲ್ಲಿ ಮೂರು ಸಂಗತಿಗಳನ್ನು ಕೇಳಲಿ: ಪ್ರತಿ ಪಾಳಿಯಲ್ಲಿ ದಾದಿಯರೆಷ್ಟು? ಪ್ರತಿ ಹಾಸಿಗೆಗೂ ಹೊಣೆಗಾರ ದಾದಿಯ ಹೆಸರಿದೆಯೆ? ಬಿಡುಗಡೆಗೆ ಮುನ್ನ ಮನೆಯವರಿಗೆ ತಿಳಿಯಹೇಳಲು ಗೊತ್ತಾದ ಹೊತ್ತಿದೆಯೆ? ಹೊಸ ಕಟ್ಟಡವನ್ನು ಕೇಳುವ ಮೊದಲು ಇವುಗಳಿಗೆ ಉತ್ತರ ಪಡೆಯುವುದು ಅವರ ಕರ್ತವ್ಯ.