ಹೊರದೇಶದ ತೋಟ ನೋಡಲು ಹೋಗುವ ಮುನ್ನ

ಕಳೆದ ಕೆಲವು ತಿಂಗಳುಗಳಿಂದ ಸಂಘದ ಕಚೇರಿಗೆ ಗೊಬ್ಬರಕ್ಕೋ ಸಾಲದ ಕಂತಿಗೋ ಬರುವ ಸದಸ್ಯ ಬಾಂಧವರಲ್ಲಿ ಹಲವರು ಒಂದೇ ಪ್ರಶ್ನೆ ಕೇಳಿ ಹೋಗುತ್ತಿದ್ದಾರೆ. ವಿಯೆಟ್ನಾಮಿಗೆ ಇನ್ನೊಂದು ತಂಡ ಯಾವಾಗ ಹೊರಡುತ್ತದೆ? ಕೆಲವರ ಜೇಬಿನಲ್ಲಿ ಬಣ್ಣದ ಕರಪತ್ರವೂ ಇರುತ್ತದೆ. ಐದು ರಾತ್ರಿ, ಆರು ಹಗಲು, ನಾಲ್ಕು ಪಟ್ಟಣ, ಒಂದು ಕಾಫಿ ತೋಟ. ನಾವು ಆ ದೇಶಕ್ಕೆ ಎರಡು ಸಲ ಹೋಗಿ ಬಂದವರು. ಮೊದಲನೆಯ ಸಲ ಕೈಯಿಂದ ಹಣವೂ ಹೋಯಿತು, ತಲೆಯಲ್ಲಿ ತಪ್ಪು ಲೆಕ್ಕವೂ ಕುಳಿತಿತು. ಎರಡನೆಯ ಸಲ ಹಾಗಾಗಲಿಲ್ಲ. ಹೀಗೇಕಾಯಿತೆಂದು ಕೇಳುವವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇವೆ.

ವಿಯೆಟ್ನಾಮನ್ನೇ ಏಕೆ ನೋಡಬೇಕೆಂಬುದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. 1857ರಲ್ಲಿ ಫ್ರೆಂಚ್ ಪಾದ್ರಿಗಳು ತಂದ ಗಿಡ ಅಲ್ಲಿ ನೂರು ವರ್ಷಕ್ಕೂ ಮೀರಿ ಸಣ್ಣ ಬೆಳೆಯಾಗಿಯೇ ಇತ್ತು. 1986ರ ಆರ್ಥಿಕ ಸುಧಾರಣೆಯ ನಂತರ ಮಧ್ಯದ ಎತ್ತರದ ಪ್ರದೇಶವೆಲ್ಲ ರೋಬಸ್ಟಾ ಆಯಿತು. ಇಂದು ಜಗತ್ತಿನಲ್ಲಿ ರೋಬಸ್ಟಾ ಬೆಳೆಯುವುದರಲ್ಲಿ ಅವರೇ ಮೊದಲಿಗರು, ಕಾಳುಮೆಣಸಿನ ರಫ್ತಿನಲ್ಲೂ ಅವರೇ. ಬೆಳೆಯುವವರು ಹೆಚ್ಚಾಗಿ ನಮ್ಮ ನಿಮ್ಮಂತೆ ಎರಡು ಮೂರು ಎಕರೆಯ ಸಣ್ಣ ಹಿಡುವಳಿದಾರರು. ನಮ್ಮ ಮೆಣಸಿನ ಧಾರಣೆಯನ್ನು ಕೆಡಿಸಿದ್ದು ಅಲ್ಲಿಂದ ಬಂದ ಮಾಲೆಂದು 2017ರ ಡಿಸೆಂಬರಿನಲ್ಲಿ ಸರ್ಕಾರ ಆಮದಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಬೆಲೆ ಕಟ್ಟಿದ್ದು ಎಲ್ಲರಿಗೂ ನೆನಪಿರಬಹುದು. ಅಂಥವರ ಅಂಗಳಕ್ಕೆ ಹೋಗಿ ಒಮ್ಮೆ ನಿಂತು ಬರಬೇಕೆಂಬ ಆಸೆ ತಪ್ಪಲ್ಲ.

ಮೊದಲ ಸಲ, 2023ರಲ್ಲಿ, ನಾವು ಹೋದದ್ದು 40 ಜನರ ದೊಡ್ಡ ತಂಡದಲ್ಲಿ. ಪ್ರವಾಸದ ಏಜೆಂಟರ ಹೆಸರು ಇಲ್ಲಿ ಬೇಡ. ಕರಪತ್ರದಲ್ಲಿ ಬರೆದುದನ್ನೆಲ್ಲ ಅವರು ತೋರಿಸಿದರು, ಆ ಮಟ್ಟಿಗೆ ಮೋಸವಿಲ್ಲ. ಹೋ ಚಿ ಮಿನ್ ನಗರದ ಮಾರುಕಟ್ಟೆ, ಕು ಚಿಯ ಯುದ್ಧಕಾಲದ ಸುರಂಗ, ಮೆಕಾಂಗ್ ನದಿಯ ದೋಣಿ, ಹಾಲಾಂಗ್ ಕೊಲ್ಲಿ ಎಲ್ಲವೂ ಆಯಿತು. ಕಾಫಿ ತೋಟವೆಂದು ತೋರಿಸಿದ್ದು ರಸ್ತೆಯ ಬದಿಯ ಒಂದು ಮಳಿಗೆ, ಅದರ ಹಿಂದೆ ಅರ್ಧ ಎಕರೆ ಗಿಡ. ಪಂಜರದಲ್ಲಿ ಎರಡು ಪುನುಗಿನ ಬೆಕ್ಕು, ಮುಂದೆ ಪುನುಗು ಕಾಫಿಯ ಪೊಟ್ಟಣದ ರಾಶಿ. ಅಲ್ಲಿದ್ದದ್ದು ಒಂದೂವರೆ ಗಂಟೆ, ಅದರಲ್ಲಿ ಒಂದು ಗಂಟೆ ವ್ಯಾಪಾರ. 40 ಜನರಿಗೆ ಒಬ್ಬನೇ ಮಾರ್ಗದರ್ಶಕ. ಅವನ ಸುತ್ತ ಮುಂದೆ ನಿಂತ ಐದಾರು ಮಂದಿಗೆ ಕೇಳಿಸಿದ್ದು ಹಿಂದಿನವರಿಗೆ ಬಾಯಿಂದ ಬಾಯಿಗೆ ತಲುಪುವಾಗ ಬೇರೆಯೇ ಆಗಿರುತ್ತಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಹಣ ಹೋಯಿತೆಂದು ಸುಮ್ಮನಾಗಬಹುದಿತ್ತು. ಆದರೆ ಆ ಮಾರ್ಗದರ್ಶಕ ಒಂದು ಲೆಕ್ಕ ಹೇಳಿದ. ಇಲ್ಲಿ ಒಂದು ಸಂಸಾರ ಹತ್ತು ಸಾವ್ ನೆಲದಲ್ಲಿ ಮೂರು ಟನ್ ಕಾಫಿ ತೆಗೆಯುತ್ತದೆ ಎಂದ. ಸಾವ್ ಎಂದರೆ ಎಷ್ಟು ಎಂದು ನಮ್ಮವರು ಕೇಳಿದರು. 360 ಚದರ ಮೀಟರ್ ಎಂದ. ವಾಪಸು ಬರುವಾಗ ಬಸ್ಸಿನಲ್ಲಿ ಲೆಕ್ಕವೋ ಲೆಕ್ಕ. ಹತ್ತು ಸಾವ್ ಎಂದರೆ ಎಕರೆಗಿಂತ ಸ್ವಲ್ಪ ಕಡಿಮೆ. ಅದರಲ್ಲಿ ಮೂರು ಟನ್ ಬೇಳೆ. 50 ಕಿಲೋದ ಒಣ ಚೆರಿ ಚೀಲಕ್ಕೆ 26 ಕಿಲೋ ಔಟ್‌ಟರ್ನ್ ಹಿಡಿದರೂ ಎಕರೆಗೆ 130 ಚೀಲದಷ್ಟಾಯಿತು! ನಮ್ಮಲ್ಲಿ ಎಕರೆಗೆ 30 ಚೀಲ ಬಂದರೆ ಬೆಳೆ ಚೆನ್ನಾಯಿತೆನ್ನುತ್ತೇವೆ. "ಅರ್ಧ ಸುಳ್ಳಿರಲಿ ಬಿಡಿ ಗೌಡ್ರೇ, ಅರವತ್ತಾದರೂ ನಿಜ ತಾನೇ" ಎಂದವರೂ ಇದ್ದರು.

ಅವರ ತೋಟಗಳಲ್ಲಿ ಮೇಲಿನ ನೆರಳು ಇಲ್ಲವೆನ್ನುವಷ್ಟು ಕಡಿಮೆ ಎಂಬುದನ್ನು ಬಸ್ಸಿನ ಕಿಟಕಿಯಿಂದಲೇ ಎಲ್ಲರೂ ಕಂಡಿದ್ದರು. ಎರಡನ್ನೂ ಕೂಡಿಸಿ, ನಮ್ಮ ಇಳುವರಿಗೆ ನೆರಳೇ ಶತ್ರು ಎಂಬ ತೀರ್ಮಾನ ಊರು ತಲುಪುವ ಹೊತ್ತಿಗೆ ಗಟ್ಟಿಯಾಗಿತ್ತು. ತಂಡದಲ್ಲಿದ್ದ ನಮ್ಮ ಹಿರಿಯ ಸದಸ್ಯರೊಬ್ಬರು ಮನೆಗೆ ಬಂದ ವಾರದಲ್ಲೇ ಇಳಿಜಾರಿನ ತೋಟದ 60 ನೆರಳಿನ ಮರಗಳಿಗೆ ಸುಣ್ಣದ ಗುರುತು ಹಾಕಿಸಿದರು. ಅವುಗಳಲ್ಲಿ ಮುಕ್ಕಾಲು ಪಾಲಿನ ಮೇಲೆ ಮೆಣಸಿನ ಬಳ್ಳಿಯೂ ಇತ್ತು. ಕಡಿಯುವವರು ಆ ವರ್ಷ ಸಿಗದೇ ಹೋದದ್ದು ಅವರ ಅದೃಷ್ಟ.

ಎರಡನೆಯ ತಂಡದ ಯೋಚನೆ ಬಂದಾಗ ನಾವು ಏಜೆಂಟರ ಬಳಿಗೆ ಮೊದಲು ಹೋಗಲಿಲ್ಲ. ಮೂರು ಸಂಜೆ ಸಂಘದ ಮಹಡಿಯಲ್ಲಿ ಕುಳಿತು ನಮಗೆ ಬೇಕಾದದ್ದೇನೆಂದು ಬರೆದೆವು. ಹೋಗುವವರು 12 ಜನ ಮೀರಬಾರದು. ಇದಕ್ಕೆ ಶಾಸ್ತ್ರವೇನಿಲ್ಲ, ಅಲ್ಲಿ ಬಾಡಿಗೆಗೆ ಸಿಗುವ 16 ಸೀಟಿನ ವ್ಯಾನಿನಲ್ಲಿ ಸಾಮಾನಿನ ಸಮೇತ ಹಿಡಿಸುವುದು ಅಷ್ಟೇ ಜನ, ಮತ್ತು ಒಂದು ಮನೆಯ ಜಗಲಿಯಲ್ಲಿ ಕೂರಬಹುದಾದವರೂ ಅಷ್ಟೇ. 13ನೆಯವರು ಬಂದರೆ ಎರಡು ವಾಹನ, ಎರಡು ವಾಹನವಾದರೆ ಎರಡು ಗುಂಪು, ಒಂದಕ್ಕೆ ದುಭಾಷಿ ಇರುವುದಿಲ್ಲ. ಮೂರು ಮಂದಿ ಆಪ್ತರಿಗೆ ಈ ಸಲ ಬೇಡವೆಂದು ಹೇಳಬೇಕಾಯಿತು. ಅವರಲ್ಲೊಬ್ಬರು ಇಂದಿಗೂ ನಮ್ಮೊಡನೆ ಸರಿಯಾಗಿ ಮಾತಾಡುವುದಿಲ್ಲ.

ಸಮಯದ ವಿಷಯದಲ್ಲೂ ತಕರಾರಾಯಿತು. ನಮಗೆ ಬಿಡುವಿರುವುದು ಬೇಸಗೆಯಲ್ಲಿ. ಆಗ ಹೋದರೆ ಅಲ್ಲಿ ಕೊಯ್ಲೂ ಇಲ್ಲ, ಒಣಗಿಸುವುದೂ ಇಲ್ಲ. ಚಂದ್ರಮಾನದ ಹೊಸವರ್ಷ ತೆತ್ ಹಬ್ಬ ಜನವರಿಯ ಕೊನೆಗೋ ಫೆಬ್ರವರಿಯಲ್ಲೋ ಬರುತ್ತದೆ. ಆ ಸುಮಾರಿಗೆ ವಾರವಿಡೀ ಅಂಗಡಿ ಕಚೇರಿ ಎಲ್ಲ ಮುಚ್ಚಿರುತ್ತವೆ, ಯಾರೂ ಮನೆಗೆ ಕರೆಯುವ ಸ್ಥಿತಿಯಲ್ಲಿರುವುದಿಲ್ಲ. ಅವರ ರೋಬಸ್ಟಾ ಕೊಯ್ಲು ನವೆಂಬರ್-ಡಿಸೆಂಬರಿನಲ್ಲಿ ಜೋರು, ನಮ್ಮದು ಜನವರಿಯಲ್ಲಿ. ಆದ್ದರಿಂದ 2024ರ ನವೆಂಬರ್ ಕೊನೆಯ ವಾರ ಎಂದು ಗೊತ್ತುಮಾಡಿದೆವು. ಅರೇಬಿಕಾದವರು ಹೊರಡುವಂತಿರಲಿಲ್ಲ. ಅಡಿಕೆಯವರಲ್ಲಿ ಕೊನೆಯನ್ನು ಚೇಣಿಗೆ ಕೊಟ್ಟವರು ಮಾತ್ರ ಬಂದರು. ಎಲ್ಲರಿಗೂ ಅನುಕೂಲವಾದ ದಿನವನ್ನು ಹುಡುಕುತ್ತಾ ಕುಳಿತರೆ ನೋಡಲು ಏನೂ ಇಲ್ಲದ ದಿನವೇ ಸಿಗುತ್ತದೆ.

ಊರುಗಳ ಸಂಖ್ಯೆಯನ್ನು ಎರಡಕ್ಕಿಳಿಸಿ, ಡಾಕ್ ಲಾಕ್ ಪ್ರಾಂತ್ಯದ ಬುವಾನ್ ಮಾ ಥೂಟ್‌ನಲ್ಲಿ ನಾಲ್ಕು ರಾತ್ರಿ ಒಂದೇ ಹೋಟೆಲಿನಲ್ಲಿ ಉಳಿಯುವುದೆಂದಾಯಿತು. ಹೋ ಚಿ ಮಿನ್ ನಗರದಿಂದ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ವಿಮಾನದಲ್ಲಿ ಒಂದು ಗಂಟೆ. ದಿನವೂ ಪೆಟ್ಟಿಗೆ ಕಟ್ಟಿ ಬಿಚ್ಚುವ ಕೆಲಸ ತಪ್ಪಿದ್ದರಿಂದಲೇ ವಯಸ್ಸಾದವರಿಗೆ ಅರ್ಧ ಆಯಾಸ ಕಡಿಮೆಯಾಯಿತು.

ಇಷ್ಟಾದರೂ ದುಭಾಷಿ ಸರಿಯಿಲ್ಲದಿದ್ದರೆ ಎಲ್ಲವೂ ನೀರುಪಾಲು. ಮೊದಲ ಸಲದವನು ಒಳ್ಳೆಯ ಹುಡುಗ, ನಗಿಸುತ್ತಿದ್ದ, ಇಂಗ್ಲಿಷ್ ಚೊಕ್ಕಟ. ಆದರೆ ಉತ್ತರದ ಹನೋಯ್ ಕಡೆಯವನು, ಗದ್ದೆಯ ಸೀಮೆಯವನು, ಕಾಫಿ ಗಿಡ ಹತ್ತಿರದಿಂದ ಕಂಡವನಲ್ಲ. ಈ ಸಲ ಕಾಫಿ ಬೆಳೆಯುವ ಮನೆತನದವರೇ ಬೇಕೆಂದು ಏಜೆಂಟರಿಗೆ ಕಾಗದದಲ್ಲಿ ಬರೆದು ಕೊಟ್ಟೆವು. ಅವರು ಬೇರೆ ಬೇರೆ ಹೆಸರು ಕಳಿಸಿದರು, ನಾವು ಮೂರನ್ನು ಒಪ್ಪಲಿಲ್ಲ. ಕೊನೆಗೆ ಸಿಕ್ಕಿದ್ದು ಬುವಾನ್ ಮಾ ಥೂಟ್ ಬಳಿಯ ಹಳ್ಳಿಯಲ್ಲೇ ಹುಟ್ಟಿ ಬೆಳೆದ ಒಬ್ಬ ಹೆಣ್ಣುಮಗಳು. ದಿನಕ್ಕೆ ಅವಳು ಕೇಳಿದ್ದು ಬೇರೆಯವರಿಗಿಂತ ಜಾಸ್ತಿ. ಪ್ರಶ್ನೆಗಳನ್ನು ಮುಂಚಿತವಾಗಿ ಕಳಿಸಿ ಎಂದಳು. ಕಳಿಸಿದೆವು. ಅವಳ ಉತ್ತರದಲ್ಲಿ ಮೊದಲ ಸಾಲೇ ಒಂದು ಮರುಪ್ರಶ್ನೆ: ನೀವು ಟನ್ ಎನ್ನುವುದು ಹಸಿ ಹಣ್ಣನ್ನೋ, ಒಣ ಹಣ್ಣನ್ನೋ, ಬೇಳೆಯನ್ನೋ? ಅಂದೇ ನಮಗೆ ನಂಬಿಕೆ ಬಂತು.

ಸಾವಿನ ಲೆಕ್ಕ ಬಿಡಿಸಿದ್ದೂ ಅವಳೇ. ಹೆಸರು ಒಂದೇ ಆದರೂ ಅಳತೆ ಸೀಮೆಗೊಂದು. ಉತ್ತರದಲ್ಲಿ 360 ಚದರ ಮೀಟರ್, ಕರಾವಳಿಯ ಮಧ್ಯಭಾಗದಲ್ಲಿ 500, ಡಾಕ್ ಲಾಕ್‌ನಲ್ಲೂ ದಕ್ಷಿಣದಲ್ಲೂ 1,000. ಅಂದರೆ ಕಾಫಿಯ ನಾಡಿನ ಹತ್ತು ಸಾವ್ ಎಂದರೆ ಪೂರಾ ಒಂದು ಹೆಕ್ಟೇರು, ಎರಡೂವರೆ ಎಕರೆ. ಮೊದಲನೆಯವನು ಸುಳ್ಳು ಹೇಳಿರಲಿಲ್ಲ, ತನ್ನೂರಿನ ಅಳತೆ ಹೇಳಿದ್ದ. ವ್ಯಾನಿನಲ್ಲೇ ನಮ್ಮ ಹಿರಿಯರು ಮತ್ತೆ ಲೆಕ್ಕ ಹಾಕಿದರು. 130 ಚೀಲ 47ಕ್ಕಿಳಿಯಿತು. ಅದೂ ಕಡಿಮೆಯೇನಲ್ಲ, ಆದರೆ ನಮ್ಮಲ್ಲೂ ನೀರು ಗೊಬ್ಬರ ಸರಿಯಾಗಿ ಕೊಟ್ಟ ಒಳ್ಳೆಯ ತೋಟಕ್ಕೆ ಹೋಲಿಸಿ ಮಾತಾಡಬಹುದಾದ ಲೆಕ್ಕ. ಅವರು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದರು.

ಎರಡನೆಯ ದಿನ ನಾವು ಹೋದದ್ದು ಒಂದೇ ಮನೆಗೆ. ಬೆಳಿಗ್ಗೆ ಎಂಟಕ್ಕೆ ಹೋದವರು ಸಂಜೆ ನಾಲ್ಕರವರೆಗೂ ಅಲ್ಲೇ. ಹೆಚ್ಚುಕಡಿಮೆ ಮೂರು ಎಕರೆಯ ತೋಟ. ನೆಲ ಅವರ ಸ್ವಂತದ್ದೇ ಎಂದು ಕೇಳಿದಾಗ ದುಭಾಷಿ ಬಿಡಿಸಿ ಹೇಳಿದಳು: ಅಲ್ಲಿ ಭೂಮಿಯೆಲ್ಲ ಸರ್ಕಾರದ್ದು, ರೈತನಿಗೆ ಇರುವುದು ಸಾಗುವಳಿಯ ಹಕ್ಕು. ಕೆಂಪು ರಟ್ಟಿನ ಹಕ್ಕುಪತ್ರವಿರುತ್ತದೆ. ಅದನ್ನು ಮಾರಬಹುದು, ಅಡವಿಟ್ಟು ಸಾಲ ಎತ್ತಬಹುದು. ಮನೆಯ ಯಜಮಾನರು ಅಂಗಳದಲ್ಲಿ ಹಣ್ಣು ಹರಡುತ್ತಾ ಮಾತಾಡಿದರು. ನಮ್ಮವರಿಬ್ಬರು ಸುಮ್ಮನೆ ನಿಲ್ಲಲಾರದೆ ತಾವೂ ಹರಡಲು ಕೈ ಹಾಕಿದರು. ಆಮೇಲೆ ಮಾತು ತಾನಾಗಿಯೇ ಬಂತು.

ಆ 47 ಚೀಲದ ಹಿಂದೆ ಏನೇನಿದೆ ಎಂಬುದು ಮಧ್ಯಾಹ್ನದ ಹೊತ್ತಿಗೆ ಹೊರಬಿತ್ತು. ಮೊದಲನೆಯದಾಗಿ ನೆಲ: ಆಳವಾದ ಕೆಂಪು ಬಸಾಲ್ಟ್ ಮಣ್ಣು, ಹೆಚ್ಚಿನ ಕಡೆ ಸಮತಟ್ಟು. ಮಳೆ ವರ್ಷಕ್ಕೆ ಸುಮಾರು 1,800 ಮಿಲಿಮೀಟರ್, ನಮ್ಮ ಘಟ್ಟದ ಇಳಿಜಾರಿನಲ್ಲಿ ಸುರಿಯುವಂತೆ ಅಲ್ಲ. ಬೇಸಗೆಯಲ್ಲಿ ಮೂರು ನಾಲ್ಕು ಸುತ್ತು ನೀರು, ಗಿಡದ ಬುಡದ ಪಾತಿಗೆ ಪೈಪಿನಲ್ಲಿ. ಸುತ್ತಿಗೆ ಒಂದು ಗಿಡಕ್ಕೆ 400 ಲೀಟರಿನ ಆಸುಪಾಸು ಸಾಕೆಂದು ತಜ್ಞರು ಹೇಳಿದರೂ ಅದಕ್ಕಿಂತ ಹೆಚ್ಚು ಕೊಟ್ಟವರೇ ಬಹಳ. ಆ ನೀರು ಬರುವುದು ಬಾವಿಯಿಂದ. ಯಜಮಾನರು ನಮ್ಮನ್ನು ಬಾವಿಕಟ್ಟೆಗೆ ಕರೆದೊಯ್ದು ಕೈ ತೋರಿಸಿ ಹೇಳಿದರು, ಅಪ್ಪ ತೋಡಿದ್ದು ಇಷ್ಟು, 2016ರ ಬರದಲ್ಲಿ ಪೂರ್ತಿ ಬತ್ತಿತು, ಆಮೇಲೆ ಅದರ ತಳದಲ್ಲೇ ಕೊರೆಸಿದೆ. ಈಗ ಅವರು ಸಾಲಿನ ನಡುವೆ ದುರಿಯನ್ ಹಣ್ಣಿನ ಗಿಡ ನೆಡುತ್ತಿದ್ದಾರೆ. 2022ರಲ್ಲಿ ಚೀನಾ ಅದರ ಆಮದಿಗೆ ದಾರಿ ಬಿಟ್ಟ ಮೇಲೆ ಆ ಸೀಮೆಯಲ್ಲೆಲ್ಲ ಅದೇ ಮಾತು. ಹಣ್ಣಿನ ಹಣವೂ ಆಯಿತು, ನೆರಳೂ ಆಯಿತು ಎಂದರು. ಈ ಮಾತನ್ನು ನಮ್ಮ ಹಿರಿಯರು ದುಭಾಷಿಯಿಂದ ಎರಡು ಸಲ ಹೇಳಿಸಿಕೊಂಡರು.

ಮರುದಿನ ಗಿಯಾ ಲಾಯ್ ಪ್ರಾಂತ್ಯದ ಚು ಸೆ ಕಡೆಗೆ ಹೋಗುವುದು ಮೊದಲಿನ ಪಟ್ಟಿಯಲ್ಲಿರಲಿಲ್ಲ. ಮೆಣಸು ನೋಡಬೇಕೆಂದು ನಮ್ಮವರು ಹಟ ಹಿಡಿದಾಗ ಅವಳು ವಸ್ತುಸಂಗ್ರಹಾಲಯದ ಅರ್ಧ ದಿನವನ್ನು ಬಿಟ್ಟು ದಾರಿ ಬದಲಿಸಿದಳು. ಕಾಫಿಯ ವಸ್ತುಸಂಗ್ರಹಾಲಯ 2018ರಲ್ಲಿ ಆದದ್ದು, ಕಟ್ಟಡ ಚೆಂದ, ಒಂದು ಗಂಟೆ ಸಾಕು. ಚು ಸೆಯಲ್ಲಿ ಕಂಡದ್ದನ್ನು ಯಾವ ಕರಪತ್ರದವರೂ ತೋರಿಸಲಾರರು. ಸಾಲುಸಾಲು ಇಟ್ಟಿಗೆಯ ಕಂಬ, ಸಿಮೆಂಟಿನ ಕಂಬ, ಅವುಗಳ ಮೇಲೆ ಬಳ್ಳಿಯೇ ಇಲ್ಲ. ಧಾರಣೆ ಏರಿದ್ದಾಗ ಸಾಲ ಮಾಡಿ ಕಾಫಿ ಕಿತ್ತು ಮೆಣಸು ಹಾಕಿದವರು. ಸೊರಗು ರೋಗ ಹಬ್ಬಿತು, 2016ರ ನಂತರ ಧಾರಣೆಯೂ ಬಿತ್ತು. ನೀರು ನಿಲ್ಲುವ ಕಡೆ ಬಳ್ಳಿ ಸಾಯುವುದನ್ನು ನಾವೂ ಪ್ರತಿ ಆಷಾಢದಲ್ಲಿ ನೋಡುತ್ತೇವೆ. ಬೇರೆ ಮಾತು ಬೇಕಾಗಲಿಲ್ಲ.

ಇನ್ನು ಕೆಲವು ಚಿಲ್ಲರೆ ವಿಷಯಗಳು. ಸಸ್ಯಾಹಾರಿಗಳು 'ಚಾಯ್' ಎಂಬ ಒಂದು ಪದ ಕಲಿತು ಹೋದರೆ ಸಾಕು. ಬೌದ್ಧರಲ್ಲಿ ಹಲವರು ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಮಾಂಸ ಬಿಡುವುದರಿಂದ ಸಸ್ಯಾಹಾರದ ಹೋಟೆಲುಗಳಿವೆ. ಬೇರೆ ಹೋಟೆಲಿನಲ್ಲಿ ಬರೀ ತರಕಾರಿ ಎಂದರೆ ಮೀನಿನ ರಸ ಹಾಕಿಯೇ ಕೊಡುತ್ತಾರೆ, ತಪ್ಪು ಅವರದಲ್ಲ. ಅವರ ಫಿನ್ ಎಂಬ ಪುಟ್ಟ ಫಿಲ್ಟರಿನಲ್ಲಿ ಇಳಿದ ಡಿಕಾಕ್ಷನ್ ನಮ್ಮವರಿಗೆಲ್ಲ ಹಿಡಿಸಿತು, ಮಂದ ಸಿಹಿಹಾಲು ಹಾಕಿದ್ದು ಕೆಲವರಿಗೆ ಹಿಡಿಸಲಿಲ್ಲ. ಒಂದು ರೂಪಾಯಿಗೆ ಆಗ 300 ಡಾಂಗ್ ಲೆಕ್ಕವಿತ್ತು; ನೋಟಿನ ಸೊನ್ನೆ ಎಣಿಸುವುದನ್ನು ಒಬ್ಬರಿಗೇ ಒಪ್ಪಿಸಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಬುವಾನ್ ಮಾ ಥೂಟ್‌ನ ಸಂಶೋಧನಾ ಸಂಸ್ಥೆಯಲ್ಲಿ, ನಮ್ಮ ಬಾಳೆಹೊನ್ನೂರಿನಂಥದ್ದೇ ಅದು, ಟಿಆರ್ 4, ಟಿಆರ್ 9 ಎಂಬ ರೋಬಸ್ಟಾ ತಳಿಗಳನ್ನು ನೋಡಿದಾಗ ನಮ್ಮಲ್ಲೊಬ್ಬರ ಕೈ ಮೆಲ್ಲಗೆ ರೆಂಬೆಯ ಕಡೆ ಹೋಯಿತು. ಕಸಿಕಡ್ಡಿ, ಬಳ್ಳಿ, ಬೀಜ ಯಾವುದನ್ನೂ ಚೀಲದಲ್ಲಿ ತರಕೂಡದು. 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಪರವಾನಗಿ ಇಲ್ಲದೆ ತರುವುದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ಇಲ್ಲದ ರೋಗವೊಂದನ್ನು ಊರಿಗೆ ತಂದವರು ನಾವಾಗಬಾರದು. ತೋಟದಲ್ಲಿ ಮೆಟ್ಟಿದ ಬೂಟುಗಳನ್ನೂ ಹೋಟೆಲಿನಲ್ಲೇ ಸೋಪು ಹಾಕಿ ಉಜ್ಜಿ ತೊಳೆದು ಒಣಗಿಸಿ ತಂದೆವು.

ಏಜೆಂಟರೊಡನೆ ಕರಾರನ್ನು ಬರವಣಿಗೆಯಲ್ಲಿ ಮಾಡಿ. ಎಷ್ಟು ಜನ, ಯಾವ ವಾಹನ, ದುಭಾಷಿ ಯಾರು, ವ್ಯಾಪಾರದ ಮಳಿಗೆಗೆ ಕರೆದೊಯ್ಯುವುದಿಲ್ಲ, ದಿನದ ಪಟ್ಟಿ ಬದಲಿಸುವ ಹಕ್ಕು ನಮ್ಮದು, ಈ ಐದು ಅದರಲ್ಲಿರಲಿ. ಎರಡನೆಯ ಪ್ರವಾಸಕ್ಕೆ ತಲಾ ಖರ್ಚು ಮೊದಲಿಗಿಂತ ಹೆಚ್ಚೇ ಆಯಿತೆಂಬುದನ್ನು ಮುಚ್ಚಿಡುವುದಿಲ್ಲ. ಸಾಲ ಮಾಡಿ ಹೋಗುವಂಥದ್ದು ಇದಲ್ಲ.

ನಮ್ಮ ಹಿರಿಯರ ತೋಟಕ್ಕೆ ಕಳೆದ ಮಳೆಗಾಲ ಮುಗಿದ ಮೇಲೆ ಹೋಗಿದ್ದೆವು. ಸುಣ್ಣದ ಗುರುತು ಮಾಸಿದೆ, ಮರಗಳು ನಿಂತಿವೆ. ಕೊಂಬೆಗಳನ್ನು ಮಾತ್ರ ಲೆಕ್ಕವಾಗಿ ಸವರಿಸಿದ್ದಾರೆ. ಇತ್ತ ಡಾಕ್ ಲಾಕ್‌ನ ಆ ಯಜಮಾನರು ದುಭಾಷಿಯ ಮೂಲಕ ಸುದ್ದಿ ಕಳಿಸಿದ್ದಾರೆ, ನೆರಳಿನಲ್ಲಿ ಕಾಫಿಯೂ ಮರದ ಮೇಲೆ ಮೆಣಸೂ ಹೇಗೆ ಬೆಳೆಯುತ್ತೇವೆಂದು ನೋಡಲು ಅವರ ಕಡೆಯ ಹತ್ತು ಮಂದಿ ಬರಬೇಕೆಂದಿದ್ದಾರಂತೆ. ನಮ್ಮ ಕೊಯ್ಲಿನ ಕಾಲಕ್ಕೆ ಬನ್ನಿ ಎಂದು ಬರೆದಿದ್ದೇವೆ. ಅವರನ್ನು ಯಾರ ಮನೆಯಲ್ಲಿ ಇಳಿಸುವುದು, ಲೆಕ್ಕವನ್ನು ಎಕರೆಯಲ್ಲಿ ಹೇಳುವುದೋ ಸಾವಿನಲ್ಲೋ ಎಂಬುದನ್ನು ಮುಂದಿನ ಸಭೆಯಲ್ಲಿ ಮಾತಾಡೋಣ.